ಒಂದನೇ ಇಯತ್ತೆಯಲ್ಲಿ ಕುಳಿತ ಮುಲ್ಕಿ ವರ್ಷ

ಹೋದ ಡಿಸೆಂಬರಿನಲ್ಲಿ ನಿಡಗುಂದಿಯಿಂದ ವಿಜಯಪುರಕ್ಕೆ ಹೊರಟಿದ್ದೆ. ಗೊಳಸಂಗಿ ಹತ್ತಿರ ಬಸ್ಸಿನ ಗಾಲಿ ಪಂಕ್ಚರಾಗಿ ಎಲ್ಲರೂ ಕೆಳಗಿಳಿದೆವು. ರಸ್ತೆ ಬದಿಯ ಹೊಲದಲ್ಲಿ ನಾಲ್ಕು ಹೆಂಗಸರು ಮೂರು ಕಲ್ಲು ಹೂಡಿ, ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗಾಲಿ ಬಿಚ್ಚುತ್ತಿದ್ದ ಡ್ರೈವರನ ಸುತ್ತ ಎರಡು ಸಲ ತಿರುಗಿದೆ. ಗಡಿಯಾರ ನೋಡಿಕೊಂಡೆ. ಮೂವತ್ತು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದು ಮನೆಯಲ್ಲಿ ಕೂತವಳಿಗೆ ಅವಸರವೇನು? ಆದರೂ ತೊಗರಿಕಾಯಿ ಕುದಿಯುವ ವಾಸನೆ ಬಂದರೆ ಸಾಕು, ಮುಲ್ಕಿ ಪರೀಕ್ಷೆ ಹತ್ತಿರ ಬಂತು, ನನಗಿನ್ನೂ ಲೆಕ್ಕ ಬಂದಿಲ್ಲ ಎಂಬ ಕಳವಳ ಎದೆಯೊಳಗೆ ಎದ್ದು ಕೂರುತ್ತದೆ.

ನಾನು ಹುಟ್ಟಿದ ಹಳ್ಳಿ ಆ ರಸ್ತೆಯಿಂದ ಎರಡು ಮೈಲಿ ಒಳಗೆ. ಎಪ್ಪತ್ತರ ದಶಕದ ನಡುವಿನ ಮಾತು. ಏಳನೇ ಇಯತ್ತೆಯ ಕೊನೆಗೆ ನಡೆಯುವ ಮುಲ್ಕಿ ಆಗ ನಮ್ಮ ಕಡೆ ದೊಡ್ಡ ಪರೀಕ್ಷೆ. ಪಾಸಾದವರು ಹೈಸ್ಕೂಲಿಗೆಂದು ಬಸವನ ಬಾಗೇವಾಡಿಗೆ ಹೋಗುತ್ತಿದ್ದರು. ನಪಾಸಾದ ಹುಡುಗಿಯರು ಮನೆಯಲ್ಲಿ ಉಳಿಯುತ್ತಿದ್ದರು. ನನ್ನ ಮಟ್ಟಿಗೆ ನಪಾಸಾಗುವುದೆಂದರೆ ಮೋರಟಗಿ. ಅಲ್ಲಿ ಅವ್ವನ ತಮ್ಮ ಶಿವಪ್ಪ ಮಾಮಾ ಇದ್ದ. "ಮುಲ್ಕಿ ಆಗಲಿಲ್ಲಂದ್ರ ಸಾಲಿ ಬಿಡಸ್ತೇನಿ. ಎರಡು ವರ್ಷ ಮನಿ ಕೆಲಸ ಕಲೀಲಿ, ಆಮ್ಯಾಲೆ ನನ್ನ ತಮ್ಮಗ ಕೊಡೂದು" ಎಂದು ಅವ್ವ ಆಗಲೇ ತೀರ್ಮಾನಿಸಿದ್ದಳು. ಅಪ್ಪನಿಗೆ ನಾನು ಓದಬೇಕೆಂಬ ಆಸೆ. ಅವ್ವನ ಎದುರು ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯವಿರಲಿಲ್ಲ.

ನಾನು ಶಾಲೆಗೆ ಸೇರಿದ್ದೇ ಎಂಟನೆಯ ವಯಸ್ಸಿಗೆ. ಅದಕ್ಕೆ ಮೊದಲಿನ ಎರಡು ವರ್ಷ ತಮ್ಮನನ್ನು ಬಗಲಲ್ಲಿಟ್ಟುಕೊಂಡು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದೆ. ಅವ್ವ ಹೊಲಕ್ಕೆ ಹೋದರೆ ಅವನು ನನ್ನ ಪಾಲು. ಒಳಗಿನಿಂದ ಹುಡುಗರು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಆ ರಾಗಕ್ಕೆ ತಮ್ಮ ನಿದ್ದೆ ಹೋಗುತ್ತಿದ್ದ. ನಾನೂ ಅದೇ ರಾಗದಲ್ಲಿ ಹೇಳುತ್ತ ಹೇಳುತ್ತ ಇಪ್ಪತ್ತರ ಮಗ್ಗಿಯವರೆಗೆ ಬಾಯಿಪಾಠ ಮಾಡಿಬಿಟ್ಟೆ. ಶಾಲೆಗೆ ಸೇರಿಸಲು ಹೋದ ದಿನ ಹೆಡ್ ಮಾಸ್ತರರು ಹದಿನೇಳರ ಮಗ್ಗಿ ಹೇಳಿಸಿ, ತಬ್ಬಿಬ್ಬಾಗಿ, ನನ್ನನ್ನು ನೇರ ಮೂರನೇ ಇಯತ್ತೆಯಲ್ಲಿ ಕೂರಿಸಿದರು. ಅಪ್ಪನಿಗೆ ಹಿಗ್ಗೋ ಹಿಗ್ಗು. ಮನೆಗೆ ಬೀಗರು ಬಂದರೆ ನನ್ನನ್ನು ಕರೆದು ಮಗ್ಗಿ ಹೇಳಿಸುತ್ತಿದ್ದ. "ಶಾಣ್ಯಾ ಹುಡುಗಿ" ಎಂದು ಎಲ್ಲರೂ ಹೇಳುವವರೇ.

ನನಗೆ ಮಾತ್ರ ಒಳಗೊಳಗೇ ಗೊತ್ತಿತ್ತು. ಕೂಡಿಸುವ ಲೆಕ್ಕ ಬಂದರೆ ಬೆರಳು ಎಣಿಸುತ್ತಿದ್ದೆ, ಬೆರಳು ಸಾಲದಾದರೆ ಪಕ್ಕದವಳ ಪಾಟಿ ನೋಡುತ್ತಿದ್ದೆ. ಐದು, ಆರನೇ ಇಯತ್ತೆಯಲ್ಲಿ ಪುಸ್ತಕದ ಮಾದರಿ ಲೆಕ್ಕಗಳನ್ನು ಪದ್ಯದ ಹಾಗೆ ಉರುಹೊಡೆದು ಬರೆದು ಪಾಸಾದೆ. ಏಳನೇ ಇಯತ್ತೆಗೆ ಬಂದಾಗ ಭಿನ್ನರಾಶಿಗಳು, ಬಡ್ಡಿ, ಕ್ಷೇತ್ರಫಲ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದವು. ಉರುಹೊಡೆದದ್ದು ಒಂದಕ್ಕೊಂದು ಕಲೆಸಿಹೋಗತೊಡಗಿತು. ಗಣಿತದ ತಾಸು ಹತ್ತಿರ ಬಂದಂತೆ ನೀರು ಕುಡಿಯಲು ಎದ್ದು ಹೋಗುತ್ತಿದ್ದೆ.

ದೀಪಾವಳಿ ರಜೆ ಮುಗಿದ ಮೇಲೆ ಹೊಸ ಶಿಕ್ಷಕಿಯಾಗಿ ಸುಶೀಲಾ ಅಕ್ಕೋರು ಬಂದರು. ಇಂಡಿ ಊರಿನವರು. ಸಣಕಲು ಮೈ, ಬಿರುಬಿರು ನಡಿಗೆ. ಕುರ್ಚಿಯಲ್ಲಿ ಕೂತದ್ದನ್ನು ನಾವು ಕಂಡದ್ದೇ ಕಡಿಮೆ. ಮಾಸ್ತರರ ಕೊರತೆಯಿಂದ ಮುಂಜಾನೆ ಒಂದನೇ ಇಯತ್ತೆ, ಮಧ್ಯಾಹ್ನ ನಮಗೆ ಗಣಿತ, ಎರಡೂ ಅವರ ಹೆಗಲಿಗೆ ಬಿದ್ದಿದ್ದವು. ಒಂದು ವಾರ ನನ್ನನ್ನು ಸುಮ್ಮನೆ ನೋಡಿದರು. ಆಮೇಲೆ ಒಂದು ದಿನ ಎದ್ದು ನಿಲ್ಲಿಸಿದರು.

"ಕಮಲಾ, ಹದಿನಾರೇಳ್ಲೆ?"

"ನೂರಾ ಹನ್ನೆರಡು" ಎಂದೆ, ತಟ್ಟನೆ.

"ಶಾಬಾಸ್. ಹಂಗಾದ್ರ ನೂರಾ ಹನ್ನೆರಡಕ್ಕ ಹದಿನಾರು ಕೂಡ್ಸು."

ಬೆನ್ನ ಹಿಂದೆ ಬೆರಳು ಮಡಿಚತೊಡಗಿದೆ. ಹತ್ತು ಮುಗಿದವು, ಮತ್ತೆ ಎಲ್ಲಿಂದ ಶುರು ಮಾಡಬೇಕೋ ತಪ್ಪಿತು. ಹದಿನಾರೆಂಟ್ಲೆ ನೂರಾ ಇಪ್ಪತ್ತೆಂಟು ಎಂಬುದು ನನ್ನ ನಾಲಿಗೆಯ ಮೇಲೇ ಇತ್ತು. ಅಕ್ಕೋರು ಕೇಳಿದ್ದು ಅದನ್ನೇ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಅವರು ಬೈಯಲಿಲ್ಲ. ನಮ್ಮನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, ಶಾಲೆಯ ಗೋಡೆಯಿಂದ ಬೇವಿನ ಗಿಡದವರೆಗೆ ಕೋಲಿನಿಂದ ಮಣ್ಣಿನಲ್ಲಿ ಉದ್ದ ಗೆರೆ ಎಳೆದರು. "ಗ್ವಾಡಿ ಹಂತೇಲಿ ಸೊನ್ನಿ. ಗಿಡದ ಹಂತೇಲಿ ನೂರು. ಎಂಟು ಎಲ್ಲಿ ಬರ್ತೈತಿ, ನಿಂತು ತೋರ್ಸು" ಎಂದರು.

ನಾನು ನಡೆಯುತ್ತ ನಡೆಯುತ್ತ ಗೆರೆಯ ಅರ್ಧಕ್ಕೆ ಹತ್ತಿರ ಬಂದು ನಿಂತೆ. "ಇನ್ನ ತೊಂಬತ್ತು?" ಎಂದರು. ಅಲ್ಲಿಂದ ಎರಡೇ ಹೆಜ್ಜೆ ಮುಂದೆ ಹೋದೆ. ತರಗತಿಗೆ ತರಗತಿಯೇ ಕೇಕೆ ಹಾಕಿ ನಕ್ಕಿತು. ಯಾಕೆ ನಗುತ್ತಿದ್ದಾರೆಂಬುದೂ ನನಗೆ ಗೊತ್ತಾಗದೆ, ಆ ಗೆರೆಯ ಮೇಲೆ ನಿಂತಿರಲೋ ಇಳಿಯಲೋ ತಿಳಿಯದೆ ಕಾಲು ಕಾಲು ತಿಕ್ಕಿದೆ.

"ನಗಬ್ಯಾಡ್ರಿ" ಎಂದು ಅಕ್ಕೋರು ಅವರನ್ನು ಒಳಗೆ ಕಳಿಸಿದರು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನೀ ದಡ್ಡಿ ಅಲ್ಲ ತಂಗಿ. ನಿನಗ ಅಂಕಿಗೋಳ ಹೆಸರು ಗೊತ್ತು, ಮಾರಿ ಗೊತ್ತಿಲ್ಲ. ಅದು ಒಂದ್ನೇತ್ತೆದಾಗ, ಎರಡ್ನೇತ್ತೆದಾಗ ಆಗೂ ಪರಿಚಯ. ನಿನಗ ಆಗಲೇ ಇಲ್ಲ. ನಾಳಿಂದ ದಿನಾ ಮುಂಜಾನೆ ಒಂದು ತಾಸು ಒಂದ್ನೇತ್ತೆ ಹುಡುಗರ ಕೂಡ ಕುಂದ್ರು."

ಸಂಜೆ ಹೆಡ್ ಮಾಸ್ತರರು ಅವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಮುಲ್ಕಿಗೆ ನಾಕು ತಿಂಗಳು ಉಳದಾವ್ರಿ ಬಾಯಾರ. ಇಕಿನ್ನ ಒಂದ್ನೇತ್ತೆದಾಗ ಕುಂದ್ರಸ್ತೀನಿ ಅಂತೀರಲ್ಲ?"

"ಮ್ಯಾಲಿಂದ ಹಾಕಿದ್ದೆಲ್ಲ ಕೆಳಗ ಸೋರಾಕತ್ತೈತ್ರಿ ಸರ್. ಮದಲ ಸೋರೂದು ನಿಂದರಸ್ತೇನಿ" ಎಂದರು ಅಕ್ಕೋರು.

ಹನ್ನೆರಡು ದಾಟಿದ್ದ ನಾನು, ಎರಡು ಜಡೆ ಹಾಕಿಕೊಂಡು, ಮೂಗು ಸೋರುವ ಮಕ್ಕಳ ಸಾಲಿನ ಕೊನೆಗೆ ಮಂಡಿ ಮಡಚಿ ಕೂತೆ. ನನ್ನ ಪಕ್ಕದಲ್ಲಿ ಲಗಮವ್ವ ಎಂಬ ಆರು ವರ್ಷದ ಹುಡುಗಿ. ಕುರಿ ಕಾಯುವವರ ಮನೆಯವಳು. ಕೂದಲಿಗೆ ಎಣ್ಣೆ ಕಾಣದ, ಕಣ್ಣು ಮಾತ್ರ ಲಕಲಕ ಹೊಳೆಯುವ ಪೋರಿ. ಮೊದಲ ದಿನವೇ ನನ್ನನ್ನು ಮೇಲೆ ಕೆಳಗೆ ನೋಡಿ, "ಅಕ್ಕಾ, ನಿನಗ ಏಳು ಗೊತ್ತಿಲ್ಲೇನ? ಒಂದು ಕೈ, ಮ್ಯಾಲ ಎರಡು. ಅಷ್ಟಽ" ಎಂದು ಬೆರಳು ತೋರಿಸಿದಳು. ಹತ್ತಕ್ಕೆ ಎಷ್ಟು ಕಡಿಮೆ ಎಂದು ಕೇಳಿದರೆ ಮಡಚಿದ ಬೆರಳು ನೋಡಿ ಮೂರು ಎನ್ನುತ್ತಿದ್ದಳು. ಅವಳು ಎಣಿಸುತ್ತಲೇ ಇರಲಿಲ್ಲ, ನೋಡಿದರೆ ಅವಳಿಗೆ ಕಾಣುತ್ತಿತ್ತು.

ಕಿಟಕಿಯ ಹೊರಗೆ ನನ್ನ ತರಗತಿಯ ಹುಡುಗರು ಬಂದು ನಿಲ್ಲುತ್ತಿದ್ದರು. "ಕಮಲವ್ವ, ಬಳಪ ಬೇಕೇನ?" ಎಂದು ಕೂಗಿ ಓಡುತ್ತಿದ್ದರು. ಮೂರು ದಿನ ಹೇಗೋ ಕೂತೆ. ನಾಲ್ಕನೆಯ ದಿನ ಶಾಲೆಯ ದಾರಿಯಲ್ಲಿ ಅರ್ಧಕ್ಕೆ ಹೋದವಳು ತಿರುಗಿ ಮನೆಗೆ ಬಂದು ಬಾಗಿಲಲ್ಲಿ ನಿಂತೆ.

"ಅವ್ವಾ, ನಾ ಸಾಲಿ ಒಲ್ಲೆ. ನನ್ನ ಮೋರಟಗಿಗೆ ಕೊಟ್ಟಬಿಡು."

ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು ನೋಡಿದಳು. ಆಮೇಲೆ ನಗುತ್ತ ಒಳಗೆ ಹೋದಳು. ಅಂದೇ ಮೋರಟಗಿಗೆ ಹೇಳಿಕಳಿಸಿದಳು. ಆ ಐದಾರು ದಿನ ನಾನು ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಕಸ ಹೊಡೆದ ಅಂಗಳವನ್ನು ಮತ್ತೆ ಹೊಡೆದೆ, ತುಂಬಿದ ಕೊಡ ಚೆಲ್ಲಿ ಮತ್ತೆ ನೀರಿಗೆ ಹೋದೆ. ಶಾಲೆಯ ಗಂಟೆ ಕೇಳಿದಾಗಲೆಲ್ಲ ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಅಪ್ಪ ನನ್ನ ಕಡೆ ನೋಡದೆ ಊಟ ಮಾಡಿ ಎದ್ದು ಹೋಗುತ್ತಿದ್ದ. ಅಕ್ಕೋರು ಎರಡು ಸಲ ಮನೆಗೆ ಬಂದರು. ಅವ್ವ ಬಾಗಿಲಲ್ಲೇ, "ಆಕಿಗೆ ಆರಾಮಿಲ್ರಿ" ಎಂದು ಕಳಿಸಿದಳು.

ರವಿವಾರ ಶಿವಪ್ಪ ಮಾಮಾ ಸಿಂದಗಿಯ ಮೇಲೆ ಬಸ್ಸು ಬದಲಿಸುತ್ತ ಬಂದ. ಇಪ್ಪತ್ತಮೂರರ ಗಟ್ಟಿ ಆಳು. ಮಾತು ಕಡಿಮೆ. ಅವ್ವ ಹೋಳಿಗೆ ಮಾಡಿದ್ದಳು. ಊಟವಾದ ಮೇಲೆ ನಾನು ಕಣದಲ್ಲಿ ಜೋಳದ ದಂಟು ಒಟ್ಟುತ್ತಿದ್ದಾಗ ಅವನು ಬಂದು ಬಂಡಿಯ ನೊಗದ ಮೇಲೆ ಕೂತ.

"ಸಾಲಿ ಯಾಕ ಒಲ್ಲೆ ಅಂದಿ?"

"ಲೆಕ್ಕ ಬರೂದಿಲ್ಲ ಮಾಮಾ. ಅಕ್ಕೋರು ಒಂದ್ನೇತ್ತೆದಾಗ ಕುಂದ್ರಸ್ಯಾರ."

ಅವನು ಒಂದು ದಂಟು ಎತ್ತಿಕೊಂಡು ಮುರಿದ. "ನನಗೂ ಬರ್ತಿರಲಿಲ್ಲ. ಮೂರನೇತ್ತೆದಾಗ ಪಾಟಿ ಒಗದು ಓಡಿ ಬಂದೆ. ಯಾರೂ ತಿರುಗಿ ಕರೀಲಿಲ್ಲ. ಹೋದ ವರ್ಷ ಹತ್ತಿಗೆ ಎಣ್ಣಿ ಹೊಡದೆ. ಹುಳದ ಎಣ್ಣಿ. ಡಬ್ಬಿ ಮ್ಯಾಲಿನ ಅಂಕಿ ಓದಿದೆ. ಓದಾಕ ಬರ್ತೈತಿ ನನಗ. ಇಷ್ಟು ನೀರಿಗೆ ಅಷ್ಟು ಎಣ್ಣಿ ಭಾಳಾತು ಅಂತ ಕಣ್ಣಿಗೆ ಹೊಳೀಬೇಕಲ್ಲ, ಹೊಳೀಲಿಲ್ಲ. ಹತ್ತು ಪಟ್ಟು ಹಾಕಿದೆ. ಮೂರು ದಿನದಾಗ ಎಲಿ ಎಲ್ಲ ಮುದುಡಿ ಕರ್ರಗಾದ್ವು. ಬದುವಿನ ಮ್ಯಾಲ ಹುಲ್ಲು ಮೇದ ಎತ್ತು ಸತ್ತಿತು."

ಎತ್ತು ಸತ್ತ ಸುದ್ದಿ ನಮಗೆ ಗೊತ್ತಿತ್ತು. ಹಾವು ಕಡಿಯಿತೆಂದು ಅವನೇ ಹೇಳಿಕಳಿಸಿದ್ದ.

"ಅಕ್ಕನ ಮುಂದ ಹೇಳಬ್ಯಾಡ" ಎಂದ. ಆಮೇಲೆ ತಾನೇ ಎದ್ದು ಒಳಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದ. ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಕೊನೆಗೆ ಅವನು, "ಅಕ್ಕಾ, ಇಕಿ ಮುಲ್ಕಿ ಬರೀಲಿ. ಲೆಕ್ಕಕ್ಕ ಅಂಜಿ ನನ್ನ ಮನಿಗೆ ಬರೂದು ಬ್ಯಾಡ. ಅಲ್ಲೀತನಕ ಈ ಮಾತು ನನ್ನ ಮುಂದ ತಗೀಬ್ಯಾಡ" ಎಂದ. ಅವ್ವ ಪಾತ್ರೆ ಎತ್ತಿ ಕುಕ್ಕಿದಳು. ಮಾಮಾ ಚಹಾ ಕೂಡ ಕುಡಿಯದೆ ಸಂಜೆಯ ಬಸ್ಸಿಗೆ ಹೊರಟ. ಅವನನ್ನು ರಸ್ತೆಯವರೆಗೆ ಕಳಿಸಲು ಹೋದ ಅಪ್ಪ ತಿರುಗಿ ಬಂದಾಗ, ಎಷ್ಟೋ ದಿನದ ಮೇಲೆ ನನ್ನ ತಲೆ ಮುಟ್ಟಿದ.

ಸೋಮವಾರ ಮುಂಜಾನೆ ಮತ್ತೆ ಸಾಲಿನ ಕೊನೆಗೆ ಕೂತೆ. ಲಗಮವ್ವ ಜರುಗಿ ಜಾಗ ಕೊಟ್ಟಳು. "ಆರಾಮ ಇದ್ದಿಲ್ಲೇನಕ್ಕಾ? ನಾವು ಮುಂದ ಹೋಗೇವಿ. ಅಂಜಬ್ಯಾಡ, ನಾ ಹೇಳಿಕೊಡ್ತೇನಿ" ಎಂದಳು. ಕಿಟಕಿಯಲ್ಲಿ ಹುಡುಗರಿದ್ದರು. ಆ ದಿನ ಅವರ ಕಡೆ ನೋಡಲಿಲ್ಲ.

ಅಕ್ಕೋರು ನನಗೆ ಒಂದೇ ಕಟ್ಟಪ್ಪಣೆ ಮಾಡಿದ್ದರು: ಮಗ್ಗಿ ಹಾಡಬಾರದು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅಂಕಿ ಕಂಡರೆ ಸಾಕು, ನಾಲಿಗೆ ತಾನೇ ಓಡುತ್ತಿತ್ತು. ಹಲ್ಲಿನಲ್ಲಿ ಅದನ್ನು ಕಚ್ಚಿ ಹಿಡಿದುಕೊಂಡು ಕೂರುತ್ತಿದ್ದೆ. ತೊಗರಿಯ ದಿನಗಳು ಅವು. ಅಕ್ಕೋರು ಸೆರಗಿನಲ್ಲಿ ಕುದಿಸಿದ ತೊಗರಿಕಾಯಿ ತಂದು ಮಕ್ಕಳಿಗೆ ಹಂಚುತ್ತಿದ್ದರು. ಬಿಡಿಸುವ ಮೊದಲು ಒಳಗೆ ಎಷ್ಟು ಕಾಳಿವೆ ಎಂದು ಹೇಳಬೇಕು. ಹೇಳಿದ್ದಕ್ಕೂ ಇದ್ದದ್ದಕ್ಕೂ ಎಷ್ಟು ವ್ಯತ್ಯಾಸವೆಂದು ಹೇಳಿದ ಮೇಲೇ ತಿನ್ನಬೇಕು. ಕಾಯಿಯ ಉಬ್ಬನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ, ಒಂದು ವಾರ ಕಳೆಯುವಷ್ಟರಲ್ಲಿ ನಾಲ್ಕನ್ನೂ ಐದನ್ನೂ ಎಣಿಸದೆ ಗುರುತು ಹಿಡಿಯತೊಡಗಿದೆ. ಐದನೇ ವಯಸ್ಸಿನ ಮಗು ಆಟದಲ್ಲಿ ಕಲಿಯುವ ಇಷ್ಟು ಚೂರಿಗೆ ನನ್ನ ಎದೆ ಹೊಡೆದುಕೊಂಡದ್ದು ನೆನೆದರೆ ಈಗಲೂ ನಾಚಿಕೆ.

ಆಮೇಲೆ ಜೋಳದ ದಂಟಿನ ತುಂಡುಗಳು ಬಂದವು, ಹತ್ತು ಹತ್ತರ ಕಟ್ಟು. ಒಂದು ದಿನ ಅಕ್ಕೋರು ನನಗೊಬ್ಬಳಿಗೆ ಮೂವತ್ತೆಂಟಕ್ಕೆ ಇಪ್ಪತ್ತೇಳು ಕೂಡಿಸಲು ಹೇಳಿ ಆಚೆ ಹೋದರು. ಮೂರು ಕಟ್ಟು, ಎರಡು ಕಟ್ಟು, ಐದಾಯಿತು. ಬಿಡಿ ತುಂಡುಗಳು ಮುಂದೆ ಉಳಿದವು, ಎಂಟು ಒಂದು ಕಡೆ, ಏಳು ಒಂದು ಕಡೆ. ನಾನು ಮೊದಲಿನಿಂದ ಒಂದೊಂದಾಗಿ ಎಣಿಸಲು ಬೆರಳು ಚಾಚಿದೆ. ಲಗಮವ್ವನಿಗೆ ತಾಳ್ಮೆ ಸಾಲಲಿಲ್ಲ. ನನ್ನ ಏಳರಿಂದ ಎರಡು ತುಂಡು ಕಸಿದು ಎಂಟಕ್ಕೆ ಸೇರಿಸಿ, "ಈಗ ಕಟ್ಟು" ಎಂದಳು.

ನೋಡಿದೆ. ಹತ್ತರ ಇನ್ನೊಂದು ಕಟ್ಟಾಗಿತ್ತು. ಐದು ಹೊರಗೆ ಉಳಿದಿತ್ತು. ಅರವತ್ತೈದು.

ಆ ಕ್ಷಣ ನನಗೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಮಗ್ಗಿಯ ಉತ್ತರಗಳೆಲ್ಲ, ಅಷ್ಟು ವರ್ಷ ಬರಿಯ ಸದ್ದಾಗಿದ್ದವು, ಒಂದೊಂದಾಗಿ ತೂಕ ಪಡೆಯತೊಡಗಿದವು. ಹದಿನಾರೇಳ್ಲೆಯಿಂದ ಹದಿನಾರೆಂಟ್ಲೆಗೆ ಹೋಗುವುದೆಂದರೆ ಇನ್ನೊಂದು ಹದಿನಾರು ಕೂಡುವುದು! ನಾನು ಎದ್ದು ನಿಂತು ಅಕ್ಕೋರನ್ನು ಹುಡುಕಿಕೊಂಡು ಓಡಿದೆ. ಅವರು ಕೇಳಿಸಿಕೊಂಡು, "ಹೌದು. ನಡಿ, ಐವತ್ತಾರರಾಗ ಹತ್ತೊಂಬತ್ತು ಕಳಿ" ಎಂದರು. ಹಿಗ್ಗಲು ಒಂದು ನಿಮಿಷ ಬಿಡಲಿಲ್ಲ.

ಅಲ್ಲಿಂದ ಮುಂದೆ ದಿನಗಳು ಅಟ್ಟಿಸಿಕೊಂಡು ಬಂದವು. ಸಂಕ್ರಮಣಕ್ಕೆ ಎರಡನೇ ಇಯತ್ತೆಯ ಸಾಲಿಗೆ ಜರುಗಿದೆ, ಶಿವರಾತ್ರಿಗೆ ನಾಲ್ಕರ ಪುಸ್ತಕ. ಒಂದು ತಿಳಿದರೆ ಅದರ ಹಿಂದೆ ತಿಳಿಯದ ಹತ್ತು ಕಾಣುತ್ತಿದ್ದವು. ಹೊಲದಲ್ಲಿ ಬಿಳಿಜೋಳದ ಸುಗ್ಗಿ ಮುಗಿದು ಕರಿನೆಲ ಬಿರುಕು ಬಿಟ್ಟಿತು. ಮಧ್ಯಾಹ್ನದ ಬಿಸಿಗಾಳಿಗೆ ಶಾಲೆಯ ಬಾಗಿಲು ಬಡಿದುಕೊಳ್ಳುತ್ತಿತ್ತು. ಅಕ್ಕೋರು ಕಟಕಟಿ ರೊಟ್ಟಿಗಳನ್ನು ಮುರಿದು ಭಿನ್ನರಾಶಿ ಕಲಿಸಿದರು. ಎಂಟು ಮಂದಿಗೆ ಮುರಿದ ತುಂಡು ಐದು ಮಂದಿಗೆ ಮುರಿದ ತುಂಡಿಗಿಂತ ಸಣ್ಣದೆಂದು ಕೈಯಲ್ಲಿ ಹಿಡಿದು ನೋಡಿದ ಮೇಲೆ ಮತ್ತೆ ಮರೆಯಲಿಲ್ಲ. ಏಳನೇ ಇಯತ್ತೆಯ ಪುಸ್ತಕ ಮಾತ್ರ ಅರ್ಧದಷ್ಟು ಹಾಗೇ ಉಳಿಯಿತು. ಅವ್ವ ದಿನಾ ಮುಂಜಾನೆ ಕೇಳುತ್ತಿದ್ದಳು: "ಇನ್ನೂ ದಂಟು ಕಟ್ಟಾಕತ್ತೀಯೋ ಏನ?"

ಪರೀಕ್ಷೆ ಬಾಗೇವಾಡಿಯಲ್ಲಿ. ಅಪ್ಪ ಜೊತೆಗೆ ಬಂದು ಹೊರಗೆ ಗಿಡದ ನೆರಳಿಗೆ ಕೂತ. ಗಣಿತದ ದಿನ ಪ್ರಶ್ನೆಪತ್ರಿಕೆ ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಂಟರಲ್ಲಿ ಮೂರು ಭಾಗ ದೊಡ್ಡದೋ, ಐದರಲ್ಲಿ ಎರಡು ಭಾಗ ದೊಡ್ಡದೋ ಎಂಬ ಪ್ರಶ್ನೆಯಿತ್ತು. ಪುಸ್ತಕದ ರೀತಿ ನೆನಪಾಗಲಿಲ್ಲ. ಮೊದಲಿನ ಕಮಲಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರೊಟ್ಟಿಯನ್ನು ಕಣ್ಣಮುಂದೆ ತಂದುಕೊಂಡೆ. ಎರಡೂ ಅರ್ಧಕ್ಕಿಂತ ಕಡಿಮೆ. ಮೊದಲನೆಯದು ಅರ್ಧ ಆಗಲು ಎಂಟರ ಒಂದು ತುಂಡು ಬೇಕು. ಎರಡನೆಯದಕ್ಕೆ ಐದರ ತುಂಡಿನಲ್ಲಿ ಅರ್ಧ, ಅಂದರೆ ಹತ್ತರಲ್ಲೊಂದು ಸಾಕು. ಕಡಿಮೆ ಬೇಕಾದದ್ದೇ ದೊಡ್ಡದು. ಹೀಗೇ ಬರೆದೆ, ಅಂಕಿಯ ಬದಲು ಮಾತಿನಲ್ಲಿ. ಅದನ್ನು ಬರೆಯುವಷ್ಟರಲ್ಲಿ ಹೊತ್ತು ಓಡಿಹೋಗಿತ್ತು. ಕೊನೆಯ ಎರಡು ದೊಡ್ಡ ಲೆಕ್ಕಗಳನ್ನು ಮುಟ್ಟದೆಯೇ ಎದ್ದು ಬಂದೆ.

ಆಮೇಲೆ ಕಾಯುವ ಬೇಸಿಗೆ. ಲಗಮವ್ವನ ಮನೆಯವರು ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೊಳೆಯ ದಂಡೆಗೆ ಹೋದರು. ನಮ್ಮ ಹಟ್ಟಿಯ ಮುಂದೆ ಹಾಯ್ದು ಹೋಗುವಾಗ ಅವಳು ಕತ್ತೆಯ ಮೇಲಿನ ಗಂಟುಮೂಟೆಯ ನಡುವೆ ಕೂತು ನನಗೆ ಕೈಬೀಸಿದಳು. ಅವಳು ನಾಲ್ಕನೇ ಇಯತ್ತೆಯವರೆಗೆ ಬಂದಳು, ಅದೂ ವರ್ಷಕ್ಕೆ ಐದಾರು ತಿಂಗಳು. ಆಮೇಲೆ ಬರಲಿಲ್ಲ. ನಮ್ಮ ಶಾಲೆಯಲ್ಲಿ ಅಂಕಿಗಳನ್ನು ಅವಳಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಾಣೆ. ನನ್ನನ್ನು ದಾಟಿಸಿದವಳು ಈಚೆ ದಡದಲ್ಲೇ ಉಳಿದಳು ಎಂಬುದು ನನಗೆ ಎಂದೂ ಸಮಾಧಾನವಾಗದ ವಿಷಯ. ಸುಶೀಲಾ ಅಕ್ಕೋರಿಗೂ ಅದೇ ಏಪ್ರಿಲ್‌ನಲ್ಲಿ ಇಂಡಿಗೆ ವರ್ಗವಾಯಿತು. ನಮಗೆ ಹೇಳಿ ಹೋಗಲೂ ಅವರಿಗೆ ಪುರುಸೊತ್ತಾಗಲಿಲ್ಲ.

ಫಲಿತಾಂಶ ಬಂದಾಗ ಮಾಮಾನಿಗೆ ಕಾಗದ ಬರೆದವನು ಅಪ್ಪ. ಮಾಮಾ ಮರುವರ್ಷ ಸಿಂದಗಿಯ ಹತ್ತಿರದ ಹುಡುಗಿಯನ್ನು ಮದುವೆಯಾದ. ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಲು ಅಷ್ಟು ದಿನವೂ ಬೇಕಾಯಿತು. ಹೈಸ್ಕೂಲಿನಲ್ಲಿ ಗಣಿತ ನನಗೆ ಓಡಿ ಬರಲಿಲ್ಲ. ಬೇರೆಯವರು ಒಂದು ಸಲಕ್ಕೆ ತಿಳಿದದ್ದನ್ನು ನಾನು ಮೂರು ಸಲ ಕೂತು ತಿಳಿದೆ. ದವಾಖಾನೆಯಲ್ಲಿ ಮಗುವಿನ ತೂಕ ನೋಡಿ ಔಷಧಿ ಅಳೆಯುವಾಗ, ಇಷ್ಟು ಮೈಗೆ ಇಷ್ಟು ಸರಿಯೇ ಎಂದು ಎರಡೆರಡು ಸಲ ಕಣ್ಣಿನಲ್ಲೇ ತೂಗುತ್ತಿದ್ದೆ. ಜೊತೆಯವರು ನಗುತ್ತಿದ್ದರು. ನಗಲಿ.

ಫಲಿತಾಂಶ ಬಂದ ಮೂರನೆಯ ದಿನ ಅಪ್ಪ, "ಅಕ್ಕೋರಿಗೆ ಹೇಳಿ ಬರೂಣು ನಡಿ" ಎಂದು ನನ್ನನ್ನು ಇಂಡಿಗೆ ಕರೆದೊಯ್ದ. ಮೂರು ಬಸ್ಸು ಬದಲಿಸಿ, ಬಿಸಿಲಲ್ಲಿ ಕೇಳುತ್ತ ಕೇಳುತ್ತ ಅವರ ತಾಯಿಯ ಮನೆ ಹುಡುಕಿದೆವು. ಅಕ್ಕೋರು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡು ಮೊರ ಕೆಳಗಿಟ್ಟು ಎದ್ದರು.

"ಪಾಸಾದ್ನಿರಿ" ಎಂದೆ.

"ಗಣಿತದಾಗ ಎಷ್ಟು?"

"ನಲವತ್ತೊಂದ್ರಿ. ಕೊನೀ ಎರಡು ಲೆಕ್ಕ ಬಿಟ್ಟ ಬಂದೇನ್ರಿ."

"ನೂರಕ್ಕ ಎಷ್ಟು ಕಡಿಮಿ ಬಿದ್ದಾವು?"

"ಐವತ್ತೊಂಬತ್ತು" ಎಂದೆ. ಬೆರಳು ಅಲುಗಲಿಲ್ಲ, ಹಾಡು ಏಳಲಿಲ್ಲ. ಅಪ್ಪ ಗೆದ್ದವನಂತೆ ನಕ್ಕು ಅಕ್ಕೋರ ಮುಖ ನೋಡಿದ.

ಅಕ್ಕೋರ ಮುಖ ಒಂದು ಸಲ ಅರಳಿತು. ತಕ್ಷಣ ಸೆರಗಿನಿಂದ ಬೆವರು ಒರೆಸಿಕೊಂಡು ಹೇಳಿದರು: "ಅಷ್ಟು ಇನ್ನೂ ಬಾಕಿ ಐತಿ ಹಂಗಾರ. ಹೈಸ್ಕೂಲಿನವರು ನಿನ್ನ ಸಲುವಾಗಿ ದಾರಿ ಕಾಯೂದಿಲ್ಲ. ಬಿಟ್ಟ ಬಂದಿದ್ದ ಲೆಕ್ಕ ಯಾವು, ಹೇಳು ನೋಡೂಣು."

"ಚಹಾ ಕುಡದ ಮ್ಯಾಲ ಮಾಡ್ತಾಳ ಬಿಡ್ರಿ ಅಕ್ಕೋರ" ಎಂದ ಅಪ್ಪ.

"ನೀವು ಕುಡೀರಿ" ಎಂದು ಅವರು ಒಳಗೆ ಹೋಗಿ ಪಾಟಿ, ಬಳಪ ತಂದರು. ನಾವು ತಿರುಗಿ ಹೋಗುವ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಆ ಎರಡು ತಾಸೂ ಅವರು ನನ್ನನ್ನು ಕೂತಲ್ಲಿಂದ ಏಳಗೊಡಲಿಲ್ಲ.